ಗಾಡಿಗೆ ಹಟ್ಟಿಯ ಹುಡಿ

"ಗಾಡಿ ಇದ್ರ ಛಲೋನೋ, ಇಲ್ಲದಿದ್ರ ಛಲೋನೋ ಅಂತ ನನಗ ಕೇಳ್ತೀರಿ. ನಾ ಏನು ಹೇಳ್ಲಿರಿ? ಸಾಲಿ ಕಲ್ತಾಕಿ ಅಲ್ಲ, ಕುರಿ ಹಿಂದ ಅಡ್ಡ್ಯಾಡಿದಾಕಿ. ಗಾಡಿ ಉಸುಕಿನ್ಯಾಗ ಹೋಗ್ತದ, ಕಲ್ಲಿನ ಮ್ಯಾಲ ಹತ್ತತದ, ಅದು ಖರೆ. ಆದ್ರ ದಾರಿಬದಿ ನಿಂತು ಹುಲ್ಲು ಮೇಯಂಗಿಲ್ಲ. ಅದರ ಹೊಟ್ಟಿ ತುಂಬಸ್ಬೇಕಂದ್ರ ಔರಾದಿಗೇ ಹೋಗಬೇಕು. ಮುಂದ ಐದು ಮಂದಿ ಕೂಡೋ ಖೋಲಿ ಮಾಡ್ಯಾರ, ಅದಕ್ಕ ಹಿಂದಿನ ಡಬ್ಬಿ ಮೋಟ ಆಗ್ಯದ. ನಮ್ಮ ಮನ್ಯಾಗ ಕೂಡೋರು ಮೂರೇ ಮಂದಿ, ಹೊರೋದೇ ಬಾಳ. ಎತ್ತರಂದ್ರ ಎತ್ತರ, ಹತ್ತಬೇಕಾದ್ರ ಸೀರಿ ನೆರಗಿ ಎತ್ತಿ ಹಿಡೀಬೇಕು. ಘೋಡಿಗಿ 'ಚಂದ್ರೀ' ಅಂದ್ರ ಬರ್ತದ, ಇದಕ್ಕ ಒದರಿದ್ರ ಬರ್ತದೇನ್ರಿ? ಮತ್ತ ಇದು ಬಂದ ದಿನದಿಂದ ಊರಾಗಿನ ಮಂದಿಯೆಲ್ಲ ನಮ್ಮ ಬಳಗ ಆಗ್ಯಾರ. 'ಗಂಗುಬಾಯಿ, ನಮ್ಮ ಗಂಟು ಭಾಲ್ಕಿ ಟೇಶನ್ನಿಗಿ ಮುಟ್ಟಸ್ರಿ, ಹೈದರಾಬಾದಿಗಿ ದುಡೀಲಾಕ ಹೊಂಟೇವಿ' ಅಂತಾರ. ಹ್ಯಾಂಗ ಒಲ್ಲೆ ಅನ್ನೋದು? ಇಷ್ಟೆಲ್ಲ ಇದ್ರೂ ನೋಡ್ರಿ, ಹೋದ ವರ್ಷ ನನ್ನ ಚಂದ್ರಿ ಹೊತ್ತದ್ದು ಆರೇ ಮರಿ. ಉಳಿದವು ದಾರ್ಯಾಗ ಒಂದೊಂದ ಬಿದ್ವು. ಅದನ್ನ ಯಾವ ತಕ್ಕಡ್ಯಾಗ ಇಟ್ಟು ತೂಗ್ಲಿರಿ?"

ಗಾಡಿ ಬಂದ ಮೇಲೆ ಕೇಳಿದವರಿಗೆಲ್ಲ ಹೀಗೆ ಹೇಳುತ್ತಿದ್ದವಳು ಔರಾದ ಸೀಮೆಯ ಕುರಿಗಾರ ಮಡೆಪ್ಪನ ಹೆಂಡತಿ ಗಂಗುಬಾಯಿ. ಅದು ಎರಡು ಸಾವಿರದ ಹದಿನಾರನೆಯ ಇಸವಿಯ ಬೇಸಿಗೆ. ಎರಡು ವರ್ಷದಿಂದ ಮಳೆ ಸರಿಯಾಗಿ ಬಿದ್ದಿರಲಿಲ್ಲ. ಊರಲ್ಲಿ ಒಂದು ಮನೆ ಬಿಟ್ಟು ಒಂದು ಮನೆಗೆ ಬೀಗ ಬಿದ್ದಿತ್ತು. ಮಂದಿ ಹೈದರಾಬಾದಿಗೆ, ಪುಣೆಗೆ ಹೋದರು. ಕುರಿಗಳಿಗೆ ಹೋಗುವ ಜಾಗ ಒಂದೇ, ಭಾಲ್ಕಿ ಆಚೆಯ ಕಾರಂಜಾ ಕೆರೆ. ಅಲ್ಲಿ ನೀರು ಹಿಂದೆ ಸರಿದಷ್ಟೂ ಕೆಳಗಿನ ಹಸಿ ಮಣ್ಣಿನಲ್ಲಿ ಹುಲ್ಲು ಏಳುತ್ತದೆ ಎಂದು ಸುದ್ದಿ ಬಂದಿತ್ತು. ನಡೆದರೆ ಮೂರು ದಿನದ ದಾರಿ.

ದೊಡ್ಡ ಕುರಿಗಳು ನಡೆಯುತ್ತವೆ. ಎಂಟು ಹತ್ತು ದಿನದ ಮರಿಗಳು ನಡೆಯುವುದಿಲ್ಲ. ಅವು ಇದ್ದದ್ದು ಇಪ್ಪತ್ತಮೂರು.

ಗಂಗುಬಾಯಿಯ ತಮ್ಮ ಬಕ್ಕಪ್ಪ ಹೈದರಾಬಾದಿನಲ್ಲಿ ನಾಲ್ಕು ವರ್ಷ ಲಾರಿ ಹೊಡೆದವ. ಅವನೇ ಬೀದರಿನ ಮೈಲೂರಿಗೆ ಹೋಗಿ, ಗಾಡಿ ರಿಪೇರಿ ಮಾಡುವ ಉಸ್ಮಾನ ಮಿಯಾನ ಅಂಗಳದಿಂದ ಆ ಪಿಕಪ್ ತಂದ. ರಸ್ತೆ ಗುತ್ತೇದಾರನೊಬ್ಬ ಓಡಿಸಿ ಬಿಟ್ಟ ಗಾಡಿ, ನಾಲ್ಕು ಗಾಲಿಗೂ ಒಮ್ಮೆಲೇ ಜೋರು ಬೀಳುವಂಥದ್ದು. ಮಿಯಾ ಮಡೆಪ್ಪನ ತಂದೆಯ ಕಾಲದ ಪರಿಚಯದವ. "ಹದಿನೈದು ದಿನ ನಡಸಿ ನೋಡ್ರಿ," ಅಂದ. "ನಿಮ್ಮ ಘೋಡಿ ನನ್ನ ಕಡೆ ಇರ್ಲಿ. ಗಾಡಿ ಒಗ್ಗಿದ್ರ ಘೋಡಿ ನಂದು, ಉಳಿದ ರೊಕ್ಕ ಮರಿ ಮಾರಿದಂಗ ಕೊಡ್ರಿ. ಒಗ್ಗಲಿಲ್ಲಂದ್ರ ಗಾಡಿ ನಂದು. ಖಲಾಸ್."

ಆ ಹೆಣ್ಣು ಕುದುರೆ ಚಂದ್ರಿಯನ್ನು ಹದಿನಾಲ್ಕು ವರ್ಷದ ಹಿಂದೆ ತವರಿನಿಂದ ತಂದವಳು ಗಂಗುಬಾಯಿ. ಆದ್ದರಿಂದ ಮಾತು ಅವಳದೇ ಕೊನೆಯದು ಎಂದು ಮಡೆಪ್ಪ ಒಪ್ಪಿಬಿಟ್ಟ. ಹದಿನೈದು ದಿನ ಅವಳ ತಲೆಯೊಳಗೆ ತಕ್ಕಡಿ ಆಡುತ್ತಲೇ ಇತ್ತು.

ಹೊರಡುವ ದಿನ ಬಕ್ಕಪ್ಪ ಗಾಡಿಗೆ ಪೂಜೆ ಇಟ್ಟ. ಅರಿಷಿಣ ಕುಂಕುಮ ಹಚ್ಚಿದ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಪೂಜೆಗೆ ಮುಂಚೆ ಗಾಡಿ ಹೊಳೆಯಲಿ ಎಂದು ಬಟ್ಟೆಗೆ ಡೀಸೆಲ್ ಅದ್ದಿ ಹಿಂದಿನ ಡಬ್ಬಿಯನ್ನೆಲ್ಲ ಒರೆಸಿದ. ಲಾರಿಯವರ ರೂಢಿ ಅದು. ತಗಡು ಕನ್ನಡಿಯ ಹಾಗೆ ಹೊಳೆಯಿತು. ಎಲ್ಲರೂ ಭೇಷ್ ಅಂದರು.

ಗಂಗುಬಾಯಿ ಹಟ್ಟಿಯ ನಡುವಿನಿಂದ ಕುರಿಹಿಕ್ಕಿಯ ಹುಡಿ ಬಳಿದು ಒಂದು ಸಣ್ಣ ಚೀಲ ತುಂಬಿ ತಂದಳು. ಹಳೆ ಹಟ್ಟಿಯ ಹುಡಿಯನ್ನು ಹೊಸ ಹಟ್ಟಿಯಲ್ಲಿ ಚೆಲ್ಲಬೇಕು ಎನ್ನುವುದು ಅವಳ ಅತ್ತೆ ನಡೆಸಿಕೊಂಡು ಬಂದ ಶಾಸ್ತ್ರ. ಯಾಕೆ ಎಂದು ಅತ್ತೆ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ.

"ಅಕ್ಕಾ, ಈಗ ಒರಸೇನಿ," ಅಂದ ಬಕ್ಕಪ್ಪ. "ಹಿಕ್ಕಿ ಹೊರಲಾಕ ತಂದ ಗಾಡಿ ಅಲ್ಲ ಇದು."

"ಕೊಡು ಇತ್ಲಾಗ. ಅರಿಷಿಣ ಹಚ್ಚಿಕೊಂಡ ನಿನ್ನ ಮದಲಿಂಗಗ ಮಣ್ಣು ಹತ್ತೀತು," ಎಂದು ಮಡೆಪ್ಪ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕುರಿಗಳ ಹಿಂದೆ ನಡೆದ.

ಬಿಸಿಲೇರಿದ ಮೇಲೆ ಮರಿಗಳನ್ನು ತುಂಬಿಕೊಂಡು ಗಾಡಿ ಹೊರಟಿತು. ಗಂಗುಬಾಯಿ ಎಲ್ಲಕ್ಕಿಂತ ಚಿಕ್ಕ ಮರಿಯನ್ನು ಉಡಿಯಲ್ಲಿ ಇಟ್ಟುಕೊಂಡು ಮುಂದೆ ಕೂತಳು. ಅಷ್ಟು ಎತ್ತರದಿಂದ ಅವಳು ತನ್ನ ಸೀಮೆಯನ್ನು ಎಂದೂ ನೋಡಿರಲಿಲ್ಲ. ಬಿರುಕು ಬಿಟ್ಟ ಕರಿ ಹೊಲಗಳು, ಒಂದೂ ಹಸಿರು ಎಲೆ ಇಲ್ಲದೆ ಆಕಾಶದವರೆಗೆ ಬಿದ್ದುಕೊಂಡಿದ್ದವು. ನಡೆದು ನಡೆದು ತುಂಡು ತುಂಡಾಗಿ ಕಂಡದ್ದೆಲ್ಲ ಇಷ್ಟು ದೊಡ್ಡದಿತ್ತೇ ಎಂದು ಅವಳು ಕಿಟಕಿಯಿಂದ ಕತ್ತು ಚಾಚಿ ನೋಡಿದಳು.

ಮಾಂಜರಾ ನದಿಯ ದಂಡೆಗೆ ಬಂದಾಗ ಕೆಳಗೆ ನೀರಿರಲಿಲ್ಲ, ಬರೀ ಉಸುಕು. ಟ್ರ್ಯಾಕ್ಟರೊಂದು ನಡುವಿನಲ್ಲಿ ಅಚ್ಚಿನವರೆಗೆ ಹುಗಿದು ನಿಂತಿತ್ತು. ಬಕ್ಕಪ್ಪ ಇಳಿದು ಗಾಲಿಗಳ ಗಾಳಿ ಜರಾ ಕಮ್ಮಿ ಮಾಡಿದ. ಮತ್ತೆ ಹತ್ತಿ ಚಿಕ್ಕ ಹಿಡಿಕೆ ಎಳೆದ. ಒಳಗೆ ಎಲ್ಲೋ ಕಟಕ್ ಅಂದಿತು.

"ಈಗ ನೋಡಕ್ಕಾ."

ಗಾಡಿ ಓಡಲಿಲ್ಲ. ಗೂಳಿಯ ಹಾಗೆ ತಲೆ ತಗ್ಗಿಸಿ, ಒಂದೇ ದನಿಯಲ್ಲಿ ಗುರುಗುಡುತ್ತ ಹೆಜ್ಜೆ ಹೆಜ್ಜೆಗೆ ಉಸುಕನ್ನು ಹಿಡಿದು ನಡೆಯಿತು. ಆಚೆ ದಂಡೆ ಗೋಡೆಯ ಹಾಗಿತ್ತು. ಗಂಗುಬಾಯಿಗೆ ಒಂದು ಗಳಿಗೆ ಬರೀ ಆಕಾಶ ಕಂಡಿತು. ಆಮೇಲೆ ಮೂತಿ ಇಳಿದು ನೆಲ ಕಂಡಿತು. ಮೇಲೆ ಬಂದಿದ್ದರು. ಹಿಂದೆ ತಿರುಗಿ ನೋಡಿದರೆ ಇಪ್ಪತ್ತೆರಡು ಮರಿಗಳೂ ಕಿವಿ ಅಲ್ಲಾಡಿಸುತ್ತ ಕೂತಿದ್ದವು.

"ಯವ್ವಾ!" ಅಂದಳು. ಹೋದ ವರ್ಷ ಇದೇ ಉಸುಕಿನಲ್ಲಿ ಅವಳು ಮೂರು ಮರಿ ಬಿಟ್ಟು ಬಂದಿದ್ದಳು.

ತಕ್ಕಡಿ ಗಾಡಿಯ ಕಡೆಗೆ ಪೂರಾ ವಾಲಿತು.

ಸಂಜೆ ಮುಂದೆ, ರಾತ್ರಿ ತಂಗಲು ಗಾಡಿ ನಿಲ್ಲಿಸಿದ್ದ ಜಾಗಕ್ಕೆ ಮಡೆಪ್ಪ ಕುರಿ ಹೊಡೆದುಕೊಂಡು ಬಂದ. ಮೊಲೆ ತುಂಬಿದ ತಾಯಂದಿರು ದೂರದಿಂದಲೇ ಒದರುತ್ತ ಓಡಿ ಬಂದವು, ಮರಿಗಳೂ ಒದರಿದವು. ದಿನಾ ಸಂಜೆಯ ನೋಟವೇ ಅದು. ಒದರಾಟ, ಧೂಳು, ಎರಡು ನಿಮಿಷದಲ್ಲಿ ಪ್ರತಿ ತಾಯಿ ತನ್ನ ಮರಿಯನ್ನು ಮೂಸಿ ಹಿಡಿದು, ಇಡೀ ಹಟ್ಟಿ ಸುಮ್ಮನಾಗಿ, ಚಪ್ಪರಿಸುವ ಸಪ್ಪಳವೊಂದೇ ಉಳಿಯುತ್ತದೆ. ಮೂವತ್ತು ವರ್ಷ ನೋಡಿದ್ದರೂ ಗಂಗುಬಾಯಿಗೆ ಅದು ಪ್ರತಿ ಸಂಜೆ ಹೊಸದು.

ಅವತ್ತು ಹಟ್ಟಿ ಸುಮ್ಮನಾಗಲಿಲ್ಲ. ತಾಯಂದಿರು ಮೂಸಿದವು, ಹಿಂದೆ ಸರಿದವು. ಮರಿಗಳು ಹೊಟ್ಟೆಯ ಕೆಳಗೆ ನುಗ್ಗಿದರೆ ತಲೆಯಿಂದ ಹಾಯ್ದು ಕೆಡವಿದವು. ಮರಿಗಳ ದನಿ ಸಣ್ಣಗಾಗುತ್ತ ಬಂತು.

"ಏನಾತು ಇವಕ್ಕ? ಹುಚ್ಚು ಹಿಡದದೇನು?" ಅಂದ ಮಡೆಪ್ಪ.

ಗಂಗುಬಾಯಿ ಒಂದು ಮರಿಯನ್ನು ಎತ್ತಿ ಅದರ ಬೆನ್ನಿಗೆ ಮೂಗು ಹಚ್ಚಿದಳು. ತಮ್ಮನ ಕಡೆ ನೋಡಿದಳು.

"ಬಕ್ಕ್ಯಾ, ಇದು ಮರಿ ವಾಸನಿ ಅಲ್ಲ. ನಿನ್ನ ಗಾಡಿ ವಾಸನಿ. ಪೂಜಿ ಛಲೋ ಮಾಡಿದಿ."

ಬಕ್ಕಪ್ಪ ತಾನೂ ಮರಿಯನ್ನು ಮೂಸಿ ನೋಡಿದ. "ಹೊಳೀಲಿ ಅಂತ ಒರಸಿದ್ದೆ ಅಕ್ಕಾ..."

"ಹೊಳೀತು. ತಾಯಿ ಕಣ್ಣಿಲೆ ನೋಡಂಗಿಲ್ಲ, ಮೂಗಿಲೆ ನೋಡ್ತದ."

ಬೆಳಿಗ್ಗೆಯಿಂದ ಹಾಲಿಲ್ಲದ ಮರಿಗಳು. ಹೀಗೇ ಬಿಟ್ಟರೆ ಒಂದೂ ಉಳಿಯುವುದಿಲ್ಲ. ತೊಳೆಯಲು ನೀರೆಲ್ಲಿದೆ? ಅವಳು ಸುತ್ತ ನೋಡಿದಳು. ಗಂಡನ ಹೆಗಲ ಮೇಲೆ ಹುಡಿಯ ಚೀಲ ಇನ್ನೂ ಜೋತಾಡುತ್ತಿತ್ತು. ಅತ್ತೆ ಕಣ್ಣ ಮುಂದೆ ಬಂದು ನಿಂತ ಹಾಗಾಯಿತು. ಹೊಸ ನೆಲದಲ್ಲಿ ಮನೆಯ ವಾಸನೆ ಇರಲಿ ಎಂದೇ ಆ ಮುದುಕಿ ಇದನ್ನು ಹೊರಿಸುತ್ತಿದ್ದಳೇನೋ!

ಚೀಲ ಬಿಚ್ಚಿ ಹುಡಿ ಸುರಿದಳು. ಒಂದೊಂದು ಮರಿಯನ್ನೂ ಅದರಲ್ಲಿ ಹೊರಳಿಸಿ ಉಜ್ಜಿದಳು. ಆಮೇಲೆ ಅದರ ತಾಯಿಯ ಹಾಲನ್ನೇ ಬೊಗಸೆಗೆ ಹಿಂಡಿ ಬೆನ್ನಿಗೆ, ಬಾಲಕ್ಕೆ ಸವರಿದಳು.

"ಯಾವ ಮರಿ ಯಾವುದರದು ಅಂತ ಹ್ಯಾಂಗ ಗೊತ್ತಕ್ಕಾ? ಎಲ್ಲಾ ಕರೀವೇ ಅವ," ಅಂದ ಬಕ್ಕಪ್ಪ.

"ಹಿಡಿ ಸುಮ್ಮ. ಇದು ಮೋಟಕಿವಿದು. ಅದು ಬಿಳಿಮೂಗಿದು, ತಾಯಿ ಹಂಗೇ ಕಿವಿ ಹಿಂದಕ್ಕ ಮಡಚ್ತದ ನೋಡು. ಅಲ್ಲ, ಅಲ್ಲ, ನಿನ್ನ ಕೈಯಾಗಿಂದು ಕುಂಟೀದು, ಅತ್ಲಾಗ ಒಯ್ಯಿ."

ಒಂದೂ ತಪ್ಪಲಿಲ್ಲ. ಗೇರು ಎಳೆಯುವಾಗ ಜಂಬದಿಂದ ಎದೆ ಉಬ್ಬಿಸಿದ್ದ ಬಕ್ಕಪ್ಪ ಈಗ ಬಾಯಿ ತೆರೆದುಕೊಂಡು ಅಕ್ಕನ ಬೆರಳುಗಳನ್ನೇ ನೋಡುತ್ತಿದ್ದ. ಇಪ್ಪತ್ತೆರಡು ತಾಯಂದಿರು ಮೂಸಿದವು, ಮತ್ತೆ ಮೂಸಿದವು, ನಿಂತವು.

ಉಳಿದದ್ದು ಒಂದು, ಉಡಿಯಲ್ಲಿ ಬಂದ ಚಿಕ್ಕದು. ಮುಂದಿನ ಖೋಲಿಯ ಡೀಸೆಲ್ ವಾಸನೆ ಅದಕ್ಕೂ ಹತ್ತಿತ್ತು. ಅದರ ತಾಯಿಗೆ ಅದು ಚೊಚ್ಚಲ. ಗಂಗುಬಾಯಿ ತಾಯಿಯ ಕತ್ತನ್ನು ಮೊಣಕಾಲ ನಡುವೆ ಹಿಡಿದು, ಮರಿಯ ಬಾಲ ಅದರ ಮೂಗಿನ ಹತ್ತಿರ ಇಟ್ಟು ಕೂತಳು. ಹೊತ್ತು ಮುಳುಗುತ್ತಿತ್ತು. ಕೊನೆಗೆ ಆ ಕುರಿಯ ಗಂಟಲಿನೊಳಗಿಂದ ಹುಂ ಹುಂ ಅಂತ ಒಂದು ಸಣ್ಣ ದನಿ ಬಂತು, ತಾಯಿ ಮರಿಗೆ ಮಾತ್ರ ಆಡುವ ದನಿ. ಹಟ್ಟಿ ಸುಮ್ಮನಾಯಿತು.

ಕಾರಂಜಾದ ಹುಲ್ಲು ಮುಟ್ಟಿದಾಗ ಇಪ್ಪತ್ತಮೂರಕ್ಕೆ ಇಪ್ಪತ್ತಮೂರು ಇದ್ದವು.

ಹದಿನೈದನೆಯ ದಿನ ಗಂಗುಬಾಯಿ ತಮ್ಮನ ಜೊತೆ ಮೈಲೂರಿಗೆ ಹೋದಳು. ಉಸ್ಮಾನ ಮಿಯಾ ಎಣ್ಣೆ ಕೈ ಒರೆಸಿಕೊಳ್ಳುತ್ತ ಬಂದ. "ಬರ್ರಿ ಬಾಯಿ. ಗಾಡಿನೋ, ಘೋಡಿನೋ?"

ಚಂದ್ರಿ ಬೇವಿನ ನೆರಳಿನಲ್ಲಿ ನಿಂತಿತ್ತು. ಮುಂದೆ ಮೇವಿತ್ತು, ತೊಟ್ಟಿಯಲ್ಲಿ ನೀರಿತ್ತು. ಪಕ್ಕೆಲುಬು ಮುಚ್ಚಿಕೊಂಡಿದ್ದವು. ಅದು ಗಂಗುಬಾಯಿಯ ಅಂಗೈ ಮೂಸಿ ಮೆಲ್ಲಗೆ ಕೆನೆಯಿತು. ಅವಳು ಅದರ ಹಣೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತಳು. ಇದಕ್ಕೆ ಮೂಗಿದೆ, ಗಾಡಿಗಿಲ್ಲ. ಗಾಡಿಗೆ ಆ ದಂಡೆ ಹತ್ತುವ ಬಲವಿದೆ, ಇದಕ್ಕಿಲ್ಲ. ಗಾಡಿಗೆ ಇಲ್ಲದ್ದನ್ನು ತಾನು ಕೊಡಬಹುದು. ಚಂದ್ರಿಗೆ ಬೇಕಾದ ನೀರು ಮೇವು ತನ್ನ ಹತ್ತಿರ ಇಲ್ಲ.

"ಇಲ್ಲೇ ಇರ್ಲಿ ಮಿಯಾ. ಗಾಡಿ ಒಯ್ತೇನಿ," ಅಂದಳು. "ಡೀಸೆಲ್ ಡಬ್ಬಾ ತೂಗಹಾಕಲಾಕ ಗಾಡಿ ಹೊರಗ ಒಂದು ಕೊಂಡಿ ಬೆಸದು ಕೊಡ್ರಿ. ಒಳಗ ಬ್ಯಾಡ. ಮತ್ತ ಚಂದ್ರಿ ಬೆನ್ನ ಮ್ಯಾಲಿನ ಹಸಿಬಿ ಚೀಲ ನನಗ ಬೇಕು."

"ಹಳೇ ಚೀಲ ತಗೊಂಡು ಏನು ಮಾಡ್ತೀರಿ ಬಾಯಿ?"

"ಹದಿನಾಲ್ಕು ವರ್ಷ ಮರಿ ಕೂತ ಚೀಲ ಅದ. ಹಾಸ್ತೇನಿ."

ಮರುದಿನ ಬೆಳಿಗ್ಗೆ ಕಾರಂಜಾ ದಂಡೆಯ ಮೇಲೆ ಬಿಸಿಲು ಇನ್ನೂ ಎಳೆಯದಿತ್ತು. ಗಂಗುಬಾಯಿ ಸೀರೆ ನೆರಿಗೆ ಎತ್ತಿ ಸಿಕ್ಕಿಸಿ ಗಾಡಿಯ ಡಬ್ಬಿ ಹತ್ತಿದಳು. ಮೂಲೆಯಿಂದ ಮೂಲೆಗೆ ಕಸಬರಿಗೆ ಆಡಿಸಿದಳು, ಹಸಿಬಿ ಬಿಚ್ಚಿ ಹಾಸಿದಳು. ಆಮೇಲೆ ಕೆಳಗೆ ನಿಂತ ಬಕ್ಕಪ್ಪ ಎತ್ತಿಕೊಟ್ಟ ಬುಟ್ಟಿಯಿಂದ ಹಟ್ಟಿಯ ಹುಡಿಯನ್ನು ಮುಷ್ಟಿ ಮುಷ್ಟಿಯಾಗಿ ತಗಡಿನ ಹೊಳಪು ಮುಚ್ಚುವ ಹಾಗೆ ಚೆಲ್ಲತೊಡಗಿದಳು.