ಗೋದಾಬಾಯಿಯ ಸೂಜಿಗಲ್ಲು

ಗಂಗೆಯ ದಂಡೆಯ ಕೇದಾರ ಘಾಟಿನ ನಮ್ಮ ಗಲ್ಲಿಯಲ್ಲಿ ಗೋದಾಬಾಯಿ ಹೆದರದ ವಸ್ತುವಿಲ್ಲ. ಹಲ್ಲಿ, ಗೂಳಿ, ಫೋನಿನ ಗಂಟೆ, ಎಲ್ಲಕ್ಕೂ ಎದೆ ಹಿಡಿದುಕೊಳ್ಳುತ್ತಾಳೆ. ನಲವತ್ತು ವರ್ಷ ಕರ್ನಾಟಕದ ಯಾತ್ರಿಕರಿಗೆ ಅಡುಗೆ ಮಾಡಿ ಬಡಿಸಿದಳು. ಸಾರು ಒಮ್ಮೆಯೂ ಕೆಡಲಿಲ್ಲ, ಕೆಟ್ಟೀತೆಂಬ ಭಯ ಒಮ್ಮೆಯೂ ಬಿಡಲಿಲ್ಲ.

ಅವಳ ಧೈರ್ಯವೆಲ್ಲ ಇದ್ದದ್ದು ದೇವರಮನೆಯಲ್ಲಿದ್ದ, ನಿಂಬೆಹಣ್ಣಿನಷ್ಟು ದೊಡ್ಡ ಕರಿ ಸೂಜಿಗಲ್ಲಿನಲ್ಲಿ. ಮನೆಯವರು ಊರಿಗೆ ಹೊರಟರೆ, ಕಾಯಿಲೆ ಬಿದ್ದರೆ, ಕಲ್ಲಿಗೆ ಒಂದು ಸೂಜಿ ಅಂಟಿಸಿಡುವುದು ಅವರ ಮನೆತನದ ಪದ್ಧತಿ. ಹೋದವರು ಮರಳುವವರೆಗೆ ಸೂಜಿ ಬೀಳಬಾರದು. ಅವಳ ಅಜ್ಜಮಾವನ ಕಾಲದಲ್ಲಿ ಆ ಕಲ್ಲು ಗಂಗೆಯಲ್ಲಿ ಹೋಗುತ್ತಿದ್ದ ಸ್ಟೀಮರನ್ನೇ ಘಾಟಿಗೆ ಎಳೆದು ತಂದಿತ್ತು. ಕಣ್ಣಾರೆ ಕಂಡವನು ನಾನು. ಆಗಿನ್ನೂ ಹುಟ್ಟಿರಲಿಲ್ಲ, ಅಷ್ಟೇ.

ಕಳೆದ ಮಾಘದಲ್ಲಿ ಅವಳ ಗಂಡ ವಿದ್ಯಾಧೀಶನಿಗೆ ಎದೆಯ ಆಪರೇಷನ್. ಮಗ ಸುಜಯ ಆಸ್ಪತ್ರೆಯಲ್ಲಿ ಜೊತೆಗಿದ್ದ. ಅದೇ ಬೆಳಿಗ್ಗೆ ಕತ್ತೆಯಷ್ಟು ಎತ್ತರದ ಕೋತಿಯೊಂದು ಕಿಟಕಿಯಿಂದ ನುಗ್ಗಿ, ಕಲ್ಲನ್ನು ಕಚ್ಚಿ ನೋಡಿ ಚರಂಡಿಗೆ ಎಸೆಯಿತು. ಗೋದಾಬಾಯಿ ಎತ್ತಿ ತಂದಳು. ಮೈಲಿಗೆಯಾದ ಕಬ್ಬಿಣದ ಸೌಟನ್ನು ಸುಡುವಂತೆಯೇ ಕಲ್ಲನ್ನೂ ಅಂಗೀಠಿ ಒಲೆಯ ಇದ್ದಿಲಲ್ಲಿ ಹೂತು, ನಿಗಿನಿಗಿ ಕೆಂಡವಾಗುವವರೆಗೆ ಗಾಳಿ ಬೀಸಿದಳು. ತಣಿದ ಮೇಲೆ ಸೂಜಿ ಹಚ್ಚಿದಳು. ಬಿತ್ತು. ಮತ್ತೆ ಹಚ್ಚಿದಳು. ಮತ್ತೆ ಬಿತ್ತು.

ಕಲ್ಲು, ಸೂಜಿ ಹಿಡಿದು ನಮ್ಮ ಮನೆಗೆ ಓಡಿ ಬಂದು, ಹಚ್ಚಿ ತೋರಿಸಿದಳು; ಸೂಜಿ ನೆಲಕ್ಕೆ ಬಿತ್ತು. "ಬದರಿ ಅಣ್ಣಾ, ಸೂಜಿ ನಿಂದ್ರವಲ್ದು! ಕಲ್ಲಿನ ಮೈಗೆ ರಕ್ತ ಬಂದದ, ನೋಡ್ರಿ!"

ಅಂಚು ನಿಜಕ್ಕೂ ಕೆಂಪಗಾಗಿತ್ತು. "ಕೋತಿ ಎಲಿ ಅಡಿಕಿ ಹಾಕಿತ್ತೇನವಾ?" ಎಂದೆ. ಯಾರೂ ನಗಲಿಲ್ಲ.

ಫಿಸಿಕ್ಸ್ ಓದುವ ನನ್ನ ಮೊಮ್ಮಗಳು ಹರಿಪ್ರಿಯಾ ಕಲ್ಲನ್ನು ತಿರುಗಿಸಿ ನೋಡಿದಳು.

"ಗೋದಾ ಅಜ್ಜಿ, ಇದು ಕಬ್ಬಿಣದ ಆಕ್ಸೈಡ್. ಐದುನೂರಾ ಎಂಬತ್ತು ಡಿಗ್ರಿ ದಾಟಿ ಗರಮ್ ಆದ್ರ, ಒಳಗ ಸಾಲಾಗಿ ನಿಂತಿದ್ದ ಸಣ್ಣ ಸಣ್ಣ ಚುಂಬಕಗಳೆಲ್ಲಾ ದಿಕ್ಕಾಪಾಲಾಗ್ತಾವ. ತಣಿದ್ರೂ ಮೊದಲಿನ ಸಾಲಿಗೆ ಬರಂಗಿಲ್ಲ. ಆ ಕೆಂಪು ರಕ್ತ ಅಲ್ಲ, ಬೆಂಕಿಯೊಳಗ ಗಾಳಿ ಕೂಡಿ ಆಗಿರೋ ಇನ್ನೊಂದು ಆಕ್ಸೈಡ್. ಸೊನ್ನಿಗಿಂತ ನೂರಾ ಐವತ್ತು ಡಿಗ್ರಿ ಕೆಳಗ ಥಂಡಿ ಮಾಡಿದ್ರ, ಈ ಕಲ್ಲಿನಾಗ ಕರೆಂಟ್ ಹರಿಯೋದೂ ಒಮ್ಮೆಲೇ ಕುಗ್ಗತದ. ಎಲ್ಲಾ ಗರ್ಮಿ-ಥಂಡಿ ಆಟ. ಅಜ್ಜನ ಎದಿಗೂ ಇದಕ್ಕೂ ಸಂಬಂಧ ಇಲ್ಲ. ಲ್ಯಾಬಿನಾಗ ಮತ್ತ ಚುಂಬಕ ಮಾಡಿಸಿಕೊಂಡು ಬರ್ತೀನಿ."

"ಆದ್ರ ಬೆಂಕಿಗೆ ಹಾಕಿದಾಕಿ ನಾನ ಅಲ್ಲೇನು?" ಎಂದಳು ಗೋದಾಬಾಯಿ.

ಅಷ್ಟರಲ್ಲಿ ಅವಳ ಫೋನಿನ ಗಂಟೆ ಬಡಿಯಿತು. ತಾನೇ ಎತ್ತುವ ಧೈರ್ಯವಿಲ್ಲ. ಹರಿಪ್ರಿಯಾ ಸ್ಪೀಕರಿಗೆ ಹಾಕಿದಳು. ವಿದ್ಯಾಧೀಶನ ಧ್ವನಿ:

"ಗೋದಾ, ಒಳಗ ಒಯ್ಲಿಕ್ಕೆ ಬಂದಾರ. ಕೈಕಾಲು ತಣ್ಣಗಾಗ್ಯಾವ. ಸೂಜಿ ನಿಂತದಲ್ಲಾ?"

ಆಚೆ ಅವನ ಉಸಿರು ಜೋರಾಗಿ ಕೇಳುತ್ತಿತ್ತು. ಗೋದಾಬಾಯಿ ನೆಲದಿಂದ ಸೂಜಿ ಎತ್ತಿ ಕಲ್ಲಿಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ನಿಂತದ್ರಿ. ಗಟ್ಟಿ ಹಿಡಕೊಂಡದ. ನೀವು ಹೋಗಿ ಬರ್ರಿ."

ಐದು ತಾಸು ಅವಳು ಬೆರಳು ಎತ್ತಲಿಲ್ಲ. ನೀರೂ ಬೇಡವೆಂದಳು. ನಾನು ಸ್ಟೀಮರಿನ ಕತೆ ಮೂರು ಸಲ ಹೇಳಿದೆ. ಮೂರನೆಯ ಸಲಕ್ಕೆ ಎರಡು ಸ್ಟೀಮರು ಬಂದವು, ನನ್ನ ಧ್ವನಿ ಮಾತ್ರ ಕೂತು ಹೋಯಿತು.

ಕೊನೆಗೆ ಸುಜಯನ ಫೋನು: "ಅಮ್ಮಾ, ಅಪ್ಪ ಕಣ್ಣು ಬಿಟ್ಟಾರ."

"ಇನ್ನಾದ್ರೂ ಕೈ ಬಿಡವಾ," ಎಂದೆ.

"ಮನಿಗೆ ಬಂದಿಲ್ಲಲ್ಲ ಅಣ್ಣಾ," ಎಂದಳು. ಹೆಬ್ಬೆರಳು ಹಾಗೆಯೇ ಒತ್ತಿಕೊಂಡು, ಇನ್ನೊಂದು ಕೈಯಿಂದ ನಮ್ಮ ಹೂವಿನ ಬುಟ್ಟಿಯ ದಾರ ಎಳೆದು, ಸೂಜಿಯನ್ನು ಕಲ್ಲಿಗೆ ಸುತ್ತಿ ಕಟ್ಟತೊಡಗಿದಳು.