ಹುರುಳಿಕಾಳು ಅಂಟಿಸಿದ ಕ್ಯಾಸೆಟ್ಟು

ಬೀರುವಿನ ಮೇಲಿದ್ದ ಹಳೆಯ ಬಿಸ್ಕತ್ ಡಬ್ಬಿಯನ್ನು ಇಳಿಸುವಾಗ ಒಳಗೆ ಏನೋ ಗಲಗಲ ಎಂದಿತು. ಮುಚ್ಚಳ ತೆಗೆದರೆ ಏಳು ಕ್ಯಾಸೆಟ್ಟು, ತಳದಲ್ಲಿ ಒಂದಿಷ್ಟು ಹುರುಳಿಕಾಳು. ಒಂದು ಕ್ಯಾಸೆಟ್ಟಿನ ಮೇಲೆ ಇನ್ನೂ ನಾಲ್ಕು ಕಾಳು ಸಾಲಾಗಿ ಕೂತಿದ್ದವು. ಉಳಿದವುಗಳ ಗೋಂದು ಒಣಗಿ ಕಾಳೆಲ್ಲ ಉದುರಿಹೋಗಿತ್ತು. ಯಾವುದು ಮೊದಲನೆಯದು, ಯಾವುದು ಕೊನೆಯದು ಎಂದು ಇನ್ನು ಕೇಳಿಯೇ ತಿಳಿಯಬೇಕು.

ಡಬ್ಬಿ ಇಳಿಸಿದ್ದು ಜಾಗ ಮಾಡಲಿಕ್ಕೆ. ಹಿಂದಿನ ದಿನ ಕೊರಿಯರ್‌ನಲ್ಲಿ ನನಗೊಂದು ಗಾಜಿನ ಫಲಕ ಬಂದಿತ್ತು. ‘ಅತಿ ಹೆಚ್ಚು ಕೊಡುಗೆ ನೀಡಿದವರು’ ಎಂದು ಮೇಲೆ, ಕೆಳಗೆ ನನ್ನ ಹೆಸರು, ಹೆಸರಿನ ಕೆಳಗೆ ಒಂದು ಸಂಖ್ಯೆ. ಒಂದು ತಂತ್ರಾಂಶಕ್ಕೆ ನಾನು ಎಷ್ಟು ತಿದ್ದುಪಡಿ ಮಾಡಿದ್ದೇನೆ ಎಂಬ ಸಂಖ್ಯೆ ಅದು. ನೋಡಿದಷ್ಟೂ ಮೈ ಉರಿಯಿತು. ಅದರಲ್ಲಿ ಅರ್ಧಕ್ಕರ್ಧ ಬೂತಿನಣ್ಣನದು.

ಮದ್ದೂರಿನಲ್ಲಿ, ಬಸ್ ನಿಲ್ದಾಣದಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ ಇತ್ತು. ಎಸ್ಟಿಡಿ ಬೂತಾಗಿ ಶುರುವಾದದ್ದು, ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ರೀಚಾರ್ಜ್ ಮತ್ತು ಜೆರಾಕ್ಸ್ ಅಂಗಡಿಯಾಯಿತು. ಹೆಸರು ಮಾತ್ರ ಬದಲಾಗಲಿಲ್ಲ, ಊರಿಗೆಲ್ಲ ಅವರು ಬೂತಿನಣ್ಣ. ಹುಟ್ಟಿನಿಂದಲೂ ಕಣ್ಣು ಕಾಣುತ್ತಿರಲಿಲ್ಲ. ನಿಡಘಟ್ಟದವರು. ಬಾಯಿ ಜೋರು, ಕಿವಿ ಅದಕ್ಕಿಂತ ಚುರುಕು. ಚಪ್ಪಲಿಯ ಸದ್ದಿನಲ್ಲೇ ಬಂದವರು ಯಾರೆಂದು ಹೇಳಿಬಿಡುತ್ತಿದ್ದರು.

ನಾನು ಆಗ ದಿನವೂ ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಬಿಡುವಿನಲ್ಲಿ ಇನ್ನೊಂದು ಹುಚ್ಚು ಅಂಟಿಕೊಂಡಿತ್ತು. ಕಣ್ಣು ಕಾಣದವರಿಗಾಗಿ ಕಂಪ್ಯೂಟರಿನ ಪರದೆಯ ಮೇಲಿರುವ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ. ಅದು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಳಸಬಹುದು, ಒಳಗಿನ ಬರವಣಿಗೆಯನ್ನು ಬಿಚ್ಚಿ ತಿದ್ದಬಹುದು. ಒಬ್ಬರ ಮುಖ ಒಬ್ಬರು ನೋಡಿರದ ಹತ್ತಾರು ಜನ ಸೇರಿ ಅದನ್ನು ಕಟ್ಟುತ್ತಿದ್ದೆವು. ಒಂದು ದಿನ ಅದನ್ನು ಬೂತಿನಣ್ಣನ ಅಂಗಡಿಯ ಹಳೇ ಕಂಪ್ಯೂಟರಿಗೆ ಹಾಕಿಕೊಟ್ಟೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ನನ್ನ ಹೆಜ್ಜೆ ಕೇಳಿದ್ದೇ ಕೂಗಿ ನಿಲ್ಲಿಸಿದರು.

“ಏನವ್ವ, ನಿನ್ ಮಿಸನ್ನು ನಮ್ಮೂರ್ನೇ ನುಂಗಾಕ್ಬುಡ್ತಲ್ಲ. ನಿಡಘಟ್ಟ ಅಂತ ಬಾಯ್ತುಂಬ ಅನ್ನಾಕೂ ಬರಾಕಿಲ್ವಾ ಅದ್ಕೆ? ಆರೂ ಮುಕ್ಕಾಲ್ ಬಸ್ಸ ಆರು ದಶಾಂಶ ನಾಕು ಐದು ಅಂತದೆ. ಅಷ್ಟೊತ್ಗೆ ಬಸ್ಸು ಸೋಮನಳ್ಳಿ ದಾಟಿರ್ತದೆ ಬುಡು.”

ಹಾಗೆ ಶುರುವಾಯಿತು. ಅವರ ಬಳಿ ಬೂತಿನ ಕಾಲದ ಒಂದು ಟೇಪ್ ರೆಕಾರ್ಡರ್ ಇತ್ತು. ಮುಟ್ಟಿದರೆ ಗುಂಡಿ ಗೊತ್ತಾಗುತ್ತದೆ, ಮೊಬೈಲಿನ ಗಾಜು ಸವರಿದರೆ ಏನು ಗೊತ್ತಾಗುತ್ತದೆ ಎನ್ನುವುದು ಅವರ ವಾದ. ಗಿರಾಕಿ ಇಲ್ಲದಾಗ ಕಂಪ್ಯೂಟರಿನಿಂದ ದಿನಪತ್ರಿಕೆ ಓದಿಸುವುದು, ತಪ್ಪು ಕೇಳಿದ ಕಡೆ ನಿಲ್ಲಿಸಿ ಟೇಪಿಗೆ ಹೇಳುವುದು. ಕ್ಯಾಸೆಟ್ಟು ತುಂಬಿದರೆ ಅದರ ಮೇಲೆ ಗೋಂದಿನಿಂದ ಹುರುಳಿಕಾಳು ಅಂಟಿಸುತ್ತಿದ್ದರು, ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಕೈಯಾಡಿಸಿದರೆ ಲೆಕ್ಕ ಸಿಗಬೇಕಲ್ಲ. ನಾನು ಬೆಳಿಗ್ಗೆ ಅದನ್ನು ಇಸಿದುಕೊಂಡು ರೈಲು ಹತ್ತಿ, ವಾಕ್‌ಮನ್ ಕಿವಿಗೆ ಹಾಕಿ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದೆ. ಹನಕೆರೆ ಬರುವಷ್ಟರಲ್ಲಿ ಒಂದು ಪುಟ ತುಂಬುತ್ತಿತ್ತು. ಟೇಪಿನಲ್ಲಿ ಅವರ ದನಿಯ ಹಿಂದೆ ಬಸ್ಸಿನ ಹಾರನ್ನು, ಜೆರಾಕ್ಸಿಗೆ ಬಂದವರ ಗಲಾಟೆ, ಒಮ್ಮೊಮ್ಮೆ ಅವರೇ ಯಾರಿಗೋ ಬೈಯುವುದು… ಎಲ್ಲ ಇರುತ್ತಿತ್ತು. ಪ್ರತಿ ತಪ್ಪಿನ ಕೊನೆಗೂ ಒಂದೇ ಮಾತು, “ಸರಿ ಮಾಡಿ ಒಂದ್ಸತಿ ಕೇಳುಸ್ಬುಡು.” ನಾನು ತಿದ್ದಿ ಕೇಳಿಸುತ್ತಿದ್ದೆ. ಅವರು ತಲೆ ಒಂದು ಕಡೆಗೆ ವಾಲಿಸಿ ಕೇಳಿ “ಉಂ” ಎಂದರೆ ಆಯಿತು.

ನನ್ನ ತಪ್ಪು ಏನೆಂದು ಈಗಲೇ ಹೇಳಿಬಿಡುತ್ತೇನೆ. ಪ್ರತಿ ತಿದ್ದುಪಡಿ ಸೇರಿಸುವಾಗಲೂ ಏನು ತಿದ್ದಿದೆ, ಯಾರು ಹೇಳಿದರು ಎಂದು ಒಂದು ಸಾಲು ಬರೆಯುವುದಿರುತ್ತದೆ. ಸಂಜೆ ರೈಲಿಗೆ ಓಡುವ ಅವಸರದಲ್ಲಿ ನಾನು ಸದಾ ಬರೆಯುತ್ತಿದ್ದುದು ‘ಸಣ್ಣಪುಟ್ಟ ತಿದ್ದುಪಡಿ’ ಎಂದಷ್ಟೇ. ಒಂದು ಹೆಸರು ಸೇರಿಸಲು ಎಷ್ಟು ಹೊತ್ತು ಬೇಕಿತ್ತು? ಯಾರ ಹೆಸರಾದರೇನು, ಕೆಲಸ ಆದರೆ ಸರಿ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ಹೆಸರು ಇದ್ದವರಿಗೆ ಬಹಳ ಸುಲಭ.

ಆಮೇಲೆ ಅಳೆಯುವ ಹುಚ್ಚು ಬಂತು. ಯಾರು ಎಷ್ಟು ಕೆಲಸ ಮಾಡಿದ್ದಾರೆ ಎಂದು ತೋರಿಸುವ ಪುಟವೊಂದನ್ನು ನಮ್ಮ ತಂಡದವರು ಮಾಡಿದರು. ದಿನಕ್ಕೊಂದು ಚೌಕ, ಕೆಲಸ ಹೆಚ್ಚಾದಷ್ಟೂ ಹಸಿರು ಗಾಢ. ಹೆಸರು ಹಾಕಿ ಹುಡುಕಿದರೆ ಇಡೀ ಜಾತಕ ಬರುತ್ತಿತ್ತು. ಜನ ಒಂದೇ ತಿದ್ದುಪಡಿಯನ್ನು ನಾಲ್ಕು ತುಂಡು ಮಾಡಿ ನಾಲ್ಕು ದಿನ ಹಾಕತೊಡಗಿದರು. ಕಾಮಾ ಒಂದನ್ನು ತೆಗೆದು ಮರುದಿನ ಮತ್ತೆ ಸೇರಿಸಿದ ಮಹಾನುಭಾವರೂ ಇದ್ದರು. ನನಗೆ ನಗು ಬರುತ್ತಿತ್ತು. ನನ್ನ ಚೌಕಗಳೂ ಗಾಢ ಹಸಿರಾಗಿದ್ದವಲ್ಲ, ಅದಕ್ಕೇ ನಗು ಬಂದಿರಬೇಕು.

ಅದೇ ಸಮಯಕ್ಕೆ ಮಂಡ್ಯದ ಒಂದು ತರಬೇತಿ ಕೇಂದ್ರದವರು ಅಂಧರಿಗೆ ಕಂಪ್ಯೂಟರ್ ಕಲಿಸುವವರು ಬೇಕೆಂದು ಅರ್ಜಿ ಕರೆದರು. ಬೂತಿನಣ್ಣ ಅರ್ಜಿ ಹಾಕಿದರು. ಅವರು ಏನನ್ನಾದರೂ ಅಷ್ಟು ಆಸೆಪಟ್ಟದ್ದನ್ನು ನಾನು ಕಂಡಿರಲಿಲ್ಲ.

“ಜೆರಾಕ್ಸ್ ತಗ್ದು ತಗ್ದು ಸಾಕಾಗ್ಬುಟ್ಟದೆ ಕಣವ್ವ. ನನ್ನಂಥೋರ್ಗೆ ಕಲಿಸ್ಬೇಕು ಅಂತ ಆಸೆ. ನಾ ಏನ್ ಮಾಡಿವ್ನಿ ಅಂತ ಎಲ್ಲಾರ ಇದ್ರೆ ತೋರ್ಸು ಅವ್ರಿಗೆ,” ಎಂದರು.

ಸಂದರ್ಶನಕ್ಕೆ ನಾನೇ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನಾನು ಹುರುಪಿನಲ್ಲಿ ಹೇಳಿದೆ, ಈ ಓದುವ ದನಿಯನ್ನು ಇಷ್ಟು ಸರಿ ಮಾಡಿದವರು ಇವರೇ ಎಂದು. ಮೇಜಿನಾಚೆ ಕೂತಿದ್ದ ಅಧಿಕಾರಿಗೆ ನಮ್ಮ ಪುಟದ ವಿಷಯ ಗೊತ್ತಿತ್ತು. ಅಲ್ಲೇ ಕಂಪ್ಯೂಟರಿನಲ್ಲಿ ತೆರೆದು, ಬೂತಿನಣ್ಣನ ಹೆಸರು ಹಾಕಿ ಹುಡುಕಿದರು. ಅಂಧರ ಕೇಂದ್ರವಲ್ಲವೇ, ಆ ಕಂಪ್ಯೂಟರಿನಲ್ಲಿಯೂ ನಮ್ಮ ತಂತ್ರಾಂಶವೇ ಇತ್ತು. ಅದು ಓದಿತು. ಬೂತಿನಣ್ಣ ತಿಂಗಳುಗಟ್ಟಲೆ ಕೂತು ತಿದ್ದಿದ ಅದೇ ದನಿ, ಅವರ ಹೆಸರು ಹೇಳಿ, ಇವರಿಂದ ಯಾವ ಕೊಡುಗೆಯೂ ಇಲ್ಲ ಎಂದಿತು.

ತಿದ್ದಿದ್ದೆಲ್ಲ ನನ್ನ ಹೆಸರಿನಲ್ಲಿದೆ, ಹೇಳಿದವರು ಇವರು, ಬೇಕಾದರೆ ಕ್ಯಾಸೆಟ್ಟು ಇವೆ ಎಂದೆ.

“ಕ್ಯಾಸೆಟ್ಟು ಹಾಕಿ ಕೇಳೋಕೆ ನಮ್ಮಲ್ಲಿ ಏನೂ ಇಲ್ಲ ಮೇಡಂ. ನೀವು ಅವರಿಗೆ ಪರಿಚಯದವರು, ಹೇಳೇ ಹೇಳ್ತೀರಿ. ಇಲ್ಲಿ ತೋರಿಸಿದ್ರೆ ಸಾಕಾಗ್ತಿತ್ತು,” ಎಂದರು ಅಧಿಕಾರಿ.

ಕೆಟ್ಟವರೇನಲ್ಲ, ಟೀ ಕೂಡ ತರಿಸಿಕೊಟ್ಟರು. ಬೂತಿನಣ್ಣ ತಲೆ ಒಂದು ಕಡೆಗೆ ವಾಲಿಸಿಕೊಂಡು ಕೂತಿದ್ದರು. ಅವಮಾನವಾಯಿತು ಎಂದುಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಏನೇನೋ ಸಮಾಧಾನ ಹೇಳಿದೆ. ಅವರು “ಬುಡವ್ವ” ಎಂದರು, ಅಷ್ಟೇ.

ಆ ರಾತ್ರಿಯೇ ನಮ್ಮ ತಂಡದ ಸಂಚಾಲಕರಿಗೆ ಬರೆದೆ. ಹಳೆಯ ದಾಖಲೆ ಬದಲಿಸಲು ಬರುವುದಿಲ್ಲ ಎಂದರು. ಖಾತೆ ಇಲ್ಲದವರನ್ನು ಪುಟ ಎಣಿಸುವುದಿಲ್ಲ ಎಂದರು. ಹೊಸದಾಗಿ ಖಾತೆ ತೆರೆಯಲಿ ಎಂದರು. ತೆರೆಯಲು ಹೋದರೆ, ಚಿತ್ರದಲ್ಲಿರುವ ಅಕ್ಷರ ನೋಡಿ ಬರೆಯಿರಿ ಎಂದು ಕೇಳಿತು ಆ ಹಾಳಾದ್ದು. ಕಣ್ಣಿಲ್ಲದವರಿಗಾಗಿ ದುಡಿಯುವ ಜಾಗದ ಬಾಗಿಲಲ್ಲಿ ಕಣ್ಣಿನ ಪರೀಕ್ಷೆ. ನಾನು ನೋಡಿ ಬರೆದುಕೊಟ್ಟಿದ್ದರೂ ಹಳೆಯ ಕೆಲಸ ಆ ಖಾತೆಗೆ ಸೇರುತ್ತಿರಲಿಲ್ಲ. ವಾರಗಟ್ಟಲೆ ಜಗಳವಾಡಿ ಸುಸ್ತಾದೆ. ಅಷ್ಟರಲ್ಲಿ ಆ ಕೆಲಸಕ್ಕೆ ಬೇರೆ ಯಾರೋ ಬಂದರು.

ಅದಾದ ಮೇಲೆ ನಾನು ರಸ್ತೆಯ ಆಚೆ ಬದಿಯಲ್ಲಿ ನಡೆದು ಸ್ಟೇಷನ್ನಿಗೆ ಹೋಗತೊಡಗಿದೆ. ಒಂದು ಬೆಳಿಗ್ಗೆ ಅವರು ಕೂಗಿ ಕರೆದು ಏಳನೆಯ ಕ್ಯಾಸೆಟ್ಟು ಕೊಟ್ಟರು. ಇಸಿದುಕೊಂಡೆ. ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು, ಇವರಿಂದ ಇನ್ನೂ ಎಷ್ಟು ದುಡಿಸಿಕೊಳ್ಳುವುದು ಎಂದು ನಾಚಿಕೆ. ಹಾಗೆ ಹೇಳಿಕೊಂಡೆ. ನಿಜವಾಗಿ ಅವರು ಬೈದಿರುತ್ತಾರೆ ಎಂಬ ಹೆದರಿಕೆ. ರಸ್ತೆಯ ಆಚೆ ಬದಿಯಲ್ಲಿ ನಡೆದು ಸ್ಟೇಷನ್ನಿಗೆ ಹೋಗತೊಡಗಿದೆ. ನನ್ನ ಚಪ್ಪಲಿಯ ಸದ್ದು ಅಲ್ಲಿಂದಲೂ ಅವರಿಗೆ ಕೇಳುತ್ತಿತ್ತು ಎಂದು ಗೊತ್ತಿದ್ದೂ ಹೋದೆ. ಆಮೇಲೆ ಅವರು ಒಮ್ಮೆಯೂ ಕೂಗಲಿಲ್ಲ… ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿಯ ಬಾಗಿಲು ಮುಚ್ಚಿತ್ತು. ಜ್ವರ ಬಂದು ಊರಿಗೆ ಹೋದವರು ತಿರುಗಿ ಬರಲಿಲ್ಲ ಎಂದು ಪಕ್ಕದ ಹೂವಿನ ಅಂಗಡಿಯಾಕೆ ಹೇಳಿದಾಗ ಅವರು ತೀರಿಕೊಂಡು ಹನ್ನೊಂದು ದಿನವಾಗಿತ್ತು.

ಮೊನ್ನೆ ಫಲಕವನ್ನು ಕೆಳಗಿಟ್ಟು, ಪಕ್ಕದ ಮನೆಯವರ ಅಟ್ಟದಿಂದ ಟೇಪ್ ರೆಕಾರ್ಡರ್ ತರಿಸಿಕೊಂಡೆ. ಒಂದೊಂದಾಗಿ ಹಾಕುತ್ತ ಹೋದೆ. ಆರರಲ್ಲಿ ಕೇಳಿದ್ದೇ ಇತ್ತು. ಏಳನೆಯದರಲ್ಲಿ ಮೊದಲು ಬಸ್ಸಿನ ಹಾರನ್ನು, ಆಮೇಲೆ ಅವರ ದನಿ.

“ಕೇಳವ್ವ, ಅವತ್ತು ಮಂಡ್ಯದಲ್ಲಿ ಆ ಪುಟ ಓದ್ತಲ್ಲ, ಅದ್ರಲ್ಲೊಂದು ತಪ್ಪು ಅದೆ. ನನ್ನೆಸ್ರು ಅಂದ್ಮೇಲೆ ಒಸಿ ನಿಲ್ಬೇಕು, ನಿಲ್ದೆ ಅಂಗೇ ಓಡ್ಬುಡ್ತದೆ. ಬೇರೆಯೋರ್ ಎಸ್ರಿಗೂ ಅಂಗೇ ಮಾಡ್ತಿರ್ಬೇಕು, ನೋಡು. ನೀ ಆಕಡೆಯಿಂದ ಓಯ್ತಿದ್ದೀಯೆ, ಇರ್ಲಿ ಬುಡು. ಸರಿ ಮಾಡಿ ಒಂದ್ಸತಿ ಕೇಳುಸ್ಬುಡು.”

ಅಷ್ಟೇ. ಉಳಿದದ್ದೆಲ್ಲ ಖಾಲಿ ಟೇಪಿನ ಸದ್ದು.

ನೋಡಿದೆ. ಅವರು ಹೇಳಿದ್ದು ನಿಜ. ಇಷ್ಟು ವರ್ಷ ಯಾರ ಕಿವಿಗೂ ಬೀಳದೆ ಆ ತಪ್ಪು ಹಾಗೇ ಉಳಿದಿತ್ತು. ತಿದ್ದಿದೆ. ಈ ಸಲ ಟಿಪ್ಪಣಿಯಲ್ಲಿ ಅವರ ಪೂರ್ತಿ ಹೆಸರು, ಊರಿನ ಹೆಸರು, ಏಳನೆಯ ಕ್ಯಾಸೆಟ್ಟು ಎಂದು ಎಲ್ಲ ಬರೆದು ಸೇರಿಸಿದೆ. ಆಮೇಲೆ ಪುಟ ತೆರೆದು ಅವರ ಹೆಸರು ಹಾಕಿ ಓದಿಸಿದೆ. ಹೆಸರಾದ ಮೇಲೆ ಈಗ ಸರಿಯಾಗಿ ನಿಲ್ಲುತ್ತದೆ. ನಿಂತು, ಇವರಿಂದ ಯಾವ ಕೊಡುಗೆಯೂ ಇಲ್ಲ ಎನ್ನುತ್ತದೆ. ನನ್ನ ಹೆಸರಿನ ಮುಂದಿನ ಸಂಖ್ಯೆ ಒಂದು ಹೆಚ್ಚಾಗಿದೆ.

ಇನ್ನೊಮ್ಮೆ ಓದಿಸಿದೆ. “ಉಂ” ಎನ್ನುವವರು ಇರಲಿಲ್ಲ.