ಬಸ್ಸಿನಲ್ಲಿ ಬರುತ್ತಿದ್ದ ಕಣ್ಣಿನ ಮದ್ದು

ನಮ್ಮೂರು ಹಂಗಳದಲ್ಲಿ ನಮಗೆ ಪೇಟೆಯಿಂದ ಬೇಕಾದ್ದೆಲ್ಲ ಬಸ್ಸಿನಲ್ಲೇ ಬರುತ್ತಿತ್ತು. ತೊಂಬತ್ತರ ದಶಕದ ಮಾತು. ತಂಗಿಗೆ ಹದಿನಾಲ್ಕು ವರ್ಷ. ಬೇಸಿಗೆ ಬಂತೆಂದರೆ ಅವಳ ಕಣ್ಣು ಕೆಂಪಾಗಿ, ಕಡಿತ ತಾಳದೆ ಉಜ್ಜಿ ಉಜ್ಜಿ ರೆಪ್ಪೆ ಊದಿಕೊಳ್ಳುತ್ತಿತ್ತು. ಗುಂಡ್ಲುಪೇಟೆಯ ಡಾಕ್ಟರೊಬ್ಬರು ಅಲರ್ಜಿ ಎಂದು ಹೇಳಿ, ಒಂದು ವಾರಕ್ಕೆ ಡ್ರಾಪ್ಸ್ ಬರೆದುಕೊಟ್ಟರು. ಎರಡೇ ದಿನಕ್ಕೆ ಕಣ್ಣು ತಿಳಿಯಾಯಿತು. ನಿಲ್ಲಿಸಿದೆವು, ಕಡಿತ ಮರಳಿತು. ಆಮೇಲೆ ಡಾಕ್ಟರ ಬಳಿ ಹೋಗಲಿಲ್ಲ. ಬೆಳಗಿನ ಬಸ್ಸಿನ ಕಂಡಕ್ಟರ ಕೈಗೆ ಖಾಲಿ ಸೀಸೆ ಕೊಟ್ಟರೆ, ಅದನ್ನು ಮೆಡಿಕಲ್ ಶಾಪಿನಲ್ಲಿ ತೋರಿಸಿ ಸಂಜೆ ಹೊಸದನ್ನು ತರುತ್ತಿದ್ದರು. ಹೀಗೆ ಎರಡು ವರ್ಷ.

"ಏನ್ಲಾ, ನಿಮ್ಮನೇಲಿ ಇದ್ನ ಕಣ್ಗೆ ಬುಡ್ತೀರೋ, ಸಾರ್ಗೆ ಬುಡ್ತೀರೋ?" ಎಂದು ಕಂಡಕ್ಟರು ನಕ್ಕರು. ನಾನೂ ನಕ್ಕೆ.

ಆಗ ನಾನು ಬಿ.ಎಸ್ಸಿ. ಓದುತ್ತಿದ್ದೆ, ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಡಬ್ಬಿಯೊಳಗಿನ ಕಾಗದವನ್ನು ಒಮ್ಮೆ ಬಿಡಿಸಿ ಓದಿದ್ದೆ. ಬಹುಕಾಲ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು ಎಂದಿತ್ತು. ತಂಗಿಯ ಕಣ್ಣು ನೋಡಿದೆ. ಬೆಳ್ಳಗೆ, ಚೆಂದವಾಗಿತ್ತು. ಕಾಗದವನ್ನು ಒಲೆಗೆ ಹಾಕಿದೆ.

ಅವಳು ಬಾಗಿಲಿಗೆ ಭುಜ ತಗುಲಿಸಿಕೊಳ್ಳತೊಡಗಿದಳು. "ನೋಡ್ಕೊಂಡ್ ನಡಿ ಕಣಮ್ಮಿ" ಎಂದು ಅವ್ವ ಗದರಿದಳು. ಒಂದು ಮಧ್ಯಾಹ್ನ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನೆದುರು ತಂಗಿ ಸರಕ್ಕನೆ ರಸ್ತೆಗಿಳಿದಳು. ಬಲಗಡೆಯಿಂದ ಈರುಳ್ಳಿ ಲಾರಿ ಬರುತ್ತಿತ್ತು. ಜಡೆ ಹಿಡಿದು ಎಳೆದೆ. ಆ ಜಡೆ ಕೈಗೆ ಸಿಗದಿದ್ದರೆ ಎಂದು ಈಗಲೂ ಎಚ್ಚರದಲ್ಲೇ ಬೆಚ್ಚುತ್ತೇನೆ.

"ಕಣ್ ಕಾಣಲ್ವೇನಮ್ಮಿ?"

"ಎಲ್ಲಿತ್ತಣ್ಣ ಲಾರಿ?"

ಅವಳು ಹೆದರಿರಲಿಲ್ಲ. ಅದಕ್ಕೇ ನಾನು ಹೆದರಿದೆ.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದಳು. ಅವ್ವನ ಮುಖ ಅರಳಿತು. ಆದರೆ ಡಾಕ್ಟರು ನೆಟ್ಟಗೆ ನೋಡಲು ಹೇಳಿ, ಮುಖದ ಪಕ್ಕದಲ್ಲಿ ಬೆರಳು ಹಿಡಿದು ಎಷ್ಟೆಂದು ಕೇಳಿದಾಗ "ಯಾವ ಬೆರಳು?" ಎಂದಳು. ಅವರು ಒತ್ತಡ ಅಳೆದರು, ಸೀಸೆ ನೋಡಿದರು. "ಇದು ಸ್ಟಿರಾಯ್ಡ್. ಎಷ್ಟು ದಿನದಿಂದ?" ನಾನು ಹೇಳಿದೆ. "ಒತ್ತಡಕ್ಕೆ ಕಣ್ಣಿನ ನರ ಹಾಳಾಗಿದೆ. ಪಕ್ಕದ ನೋಟ ಹೋಗಿದೆ, ಅದು ವಾಪಸ್ ಬರೋದಿಲ್ಲ. ಉಳಿದಿದ್ದನ್ನ ಉಳಿಸ್ಕೋಬೇಕು. ಇದನ್ನ ಇನ್ನು ಮುಟ್ಟಬೇಡಿ."

ಮುಂದಿನ ಬೇಸಿಗೆಗೆ ಕಡಿತ ಬಂದೇ ಬಂತು. ಡಾಕ್ಟರು ಕೊಟ್ಟ ಬೇರೆ ಮದ್ದು ಹಾಕಿದೆವು, ತಣ್ಣೀರ ಬಟ್ಟೆ ಇಟ್ಟೆವು. ಸಾಲಲಿಲ್ಲ. ಉಜ್ಜದಿರಲೆಂದು ಅವಳ ಎರಡೂ ಕೈ ಹಿಡಿದು ಕೂತಿದ್ದೆ.

"ಒಂದೇ ಒಂದ್ ತೊಟ್ಟು ಬುಡಣ್ಣ, ಡಾಕ್ಟ್ರಿಗೆ ಹೇಳಲ್ಲ" ಎಂದು ಅತ್ತಳು.

ಅಳು ಕೇಳಿ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದರು. "ಆ ಮದ್ದು ನಮ್ಮನೇಲೈತೆ ಕಣವ್ವ. ನಿಮ್ ಸೀಸೆ ತೋರ್ಸೇ ತರಿಸ್ಕೊಂಡಿದ್ದು. ತಂದ್ಕೊಡ್ಲಾ?"

ಅವ್ವ ಬೇಡ ಎಂದಳು. ಕೂಡಲೇ ಅಲ್ಲ, ಸ್ವಲ್ಪ ಹೊತ್ತು ನನ್ನ ಮುಖ ನೋಡಿ. ಅಷ್ಟು ಹೊತ್ತೂ, ಆ ಕಾಗದ ಓದಿದ್ದ ನಾನು ಬೇಡ ಎನ್ನಲಿಲ್ಲ.